‘ಕಟ್’ ಎನ್ನಲಾಗದ ಬೆಳಿಗ್ಗೆ

ಹಾಲಿವುಡ್‌ನಲ್ಲಿ ಇಪ್ಪತ್ತೆರಡು ವರ್ಷ ಬೇರೆಯವರ ಸಿನಿಮಾಗಳಿಗೆ ಚಿತ್ರಕಥೆ ಬರೆದೆ. ಐದಕ್ಕೆ ಏಳುವುದು, ಆರಕ್ಕೆ ಮೇಜು, ಹತ್ತರೊಳಗೆ ನಾಲ್ಕು ಪುಟ. ಹುಡುಗನಾಗಿದ್ದಾಗ ಸೈನಿಕ ಶಾಲೆಯಲ್ಲಿ ಕಲಿತ ಶಿಸ್ತು ಅಲ್ಲಿ ಚೆನ್ನಾಗಿ ನಡೆಯಿತು. ಅರವತ್ತನಾಲ್ಕನೆಯ ವಯಸ್ಸಿಗೆ ಮೊದಲ ಸಲ ನಿರ್ದೇಶನ ಸಿಕ್ಕಿತು. ನಿರ್ಮಾಪಕಿ ಜರ್ಮನ್, ಹಾಗಾಗಿ ಚಿತ್ರೀಕರಣ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ. ಮಗನ ಮನೆಗೆ ಬಂದ ಧಾರವಾಡದ ಅಜ್ಜಿ ಒಬ್ಬಳೇ ಟ್ರಾಮ್ ಹತ್ತಲು ಕಲಿಯುವ ಕಥೆ. ಆ ಪಾತ್ರಕ್ಕೆ ಡಾರ್ಮ್‌ಸ್ಟಾಟ್‌ನಲ್ಲೇ ಇದ್ದ, ಎಂಬತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರು ಒಪ್ಪಿಕೊಂಡರು. ಇಲ್ಲಿನ ಕನ್ನಡದವರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದರು.

ಮೂರು ದಿನದಲ್ಲಿ ಐದು ದೃಶ್ಯ ಆಗಬೇಕಿತ್ತು, ಎರಡಾದವು. ನಾಲ್ಕನೆಯ ಬೆಳಿಗ್ಗೆ ನಿರ್ಮಾಪಕಿ ನನ್ನನ್ನು ಪಕ್ಕಕ್ಕೆ ಕರೆದಳು.

“ಟ್ರಾಮ್ ದೃಶ್ಯ ಹನ್ನೆರಡರೊಳಗೆ ಮುಗಿಯದಿದ್ದರೆ ನಾಳೆ ಬೇರೆ ನಿರ್ದೇಶಕ ಬರುತ್ತಾನೆ. ನೀವು ಲೇಖಕರಾಗಿಯೇ ಇರಿ.”

ಬೀದಿಯಲ್ಲಿ ಚಿತ್ರೀಕರಿಸುವ ಗೆನೆಮಿಗುಂಗ್, ಅಂದರೆ ಪರವಾನಗಿ, ಕೂಡ ಹನ್ನೆರಡರವರೆಗೆ ಮಾತ್ರ.

ತಪ್ಪು ಯಾರದೆಂದು ನನಗೆ ಗೊತ್ತಿತ್ತು. ಅಕ್ಕೋರು ತಮ್ಮ ಸಾಲು ಸರಿಯಾಗಿಯೇ ಹೇಳುತ್ತಿದ್ದರು. ಆಮೇಲೆ ನಿಲ್ಲಿಸುತ್ತಿರಲಿಲ್ಲ. ಹಿರಿಯರ ಮಾತಿಗೆ ಅಡ್ಡ ಬಾಯಿ ಹಾಕಬಾರದೆಂಬುದನ್ನು ನಾನು ಅಪ್ಪನ ಏಟು ತಿಂದು ಕಲಿತವನು. ‘ಕಟ್’ ಎನ್ನದೆ, ಅವರು ತಾವಾಗಿ ನಿಲ್ಲಿಸಲಿ ಎಂದು ಕಾಯುತ್ತಿದ್ದೆ.

ಅಂದೂ ಅದೇ ಆಯಿತು. “ಈ ಗಾಡಿ ನಮ್ಮ ಮನಿ ಕಡೆ ಹೊಕ್ಕೈತೇನು?” ಎಂದವರು ಬೆಂಚು ತಣ್ಣಗಿರುವುದಕ್ಕೆ ಹೋದರು, ಮಗ ತಂದುಕೊಟ್ಟ ಉಣ್ಣೆ ಚಡ್ಡಿಗೆ ಹೋದರು. ಅವರು ಹತ್ತಬೇಕಿದ್ದ ಟ್ರಾಮ್ ಬಂದು ಹೋಯಿತು. ಇನ್ನೊಂದು ಬಂದು ಹೋಯಿತು. ನಾನು ನಿಲ್ದಾಣದ ಉದ್ದಕ್ಕೂ ಓಡಾಡಿದೆ, ಗಡಿಯಾರ ನೋಡಿದೆ, ಮತ್ತೆ ಓಡಾಡಿದೆ. ಹನ್ನೊಂದೂಕಾಲಿಗೆ ಅಕ್ಕೋರು ತಾವಾಗಿ ಮಾತು ನಿಲ್ಲಿಸಿದರು.

“ಅಕ್ಕೋರೇ, ದಣಿವಾಯಿತೇ?”

“ದಣಿವಲ್ಲೋ ತಮ್ಮಾ, ಮಾತು ತೀರಿದ್ವು. ನೀ ಸಾಕು ಅಂತಿ, ಸಾಕು ಅಂತಿ ಅಂತ ಕಾದು ಕಾದು ನನ್ನ ಮದುವಿ ಸುದ್ದೀ ತನಕಾ ಬಂದೆ. ಇನ್ನೇನ ಹೇಳ್ಲಿ?”

“ಹಿರಿಯರು ಮಾತಾಡುವಾಗ ನಾನು ಹೇಗೆ...”

“ಅಯ್ಯ ಹುಚ್ಚಪ್ಪಾ! ಮಾಸ್ತರು ನಿಲ್ಲಸು ಅನ್ನೂತನಕಾ ಹುಡುಗರು ಪಾಠ ಓದಾಕಬೇಕು. ಇಲ್ಲೆ ನೀ ಮಾಸ್ತರ. ನಾ ನಲವತ್ತು ವರ್ಷ ಮಂದಿ ಬಾಯಿ ಮುಚ್ಚಸೀನಿ, ನಿನ್ನ ಕೈಲೆ ಒಂದ ಮುದುಕಿ ಬಾಯಿ ಮುಚ್ಚಸಾಕ ಆಗೂದಿಲ್ಲ?”

ಭಾಷೆ ಬಾರದ ಕ್ಯಾಮೆರಾದವರೂ ನಕ್ಕರು. ನಿರ್ಮಾಪಕಿ ನಗಲಿಲ್ಲ.

ಹನ್ನೊಂದು ಮೂವತ್ತೈದರ ಟ್ರಾಮ್ ಬಂತು. ಅಕ್ಕೋರು ಸಾಲು ಹೇಳಿದರು, ಬೇಕೆಂದೇ ನನ್ನ ಕಡೆ ಓರೆನೋಟ ಬೀರಿ “ಮತ್ತ ನೋಡ್ರೀ...” ಎಂದು ಶುರುಮಾಡಿದರು.

“ಕಟ್!”

ಪರೇಡ್ ಮೈದಾನದ ಕೂಗು. ಎದುರಿನ ಬೇಕರಿಯಿಂದ ಒಬ್ಬಳು ಇಣುಕಿ ನೋಡಿದಳು. ಕೂಗಿದ ಮೇಲೆ ನೋಡಿದರೆ ನಾನು ಅಕ್ಕೋರಿಗೆ ಕೈಮುಗಿದು ನಿಂತಿದ್ದೆ.

“ದನಿ ಗಟ್ಟಿ ಐತಿ,” ಎಂದರು ಅಕ್ಕೋರು. “ಆದ್ರ ತಡಾ ಆತು. ಟ್ರಾಮ್ ಹೋತು.”

ಉಳಿದದ್ದು ಒಂದೇ, ಹನ್ನೊಂದು ಐವತ್ತರದು. ಅಕ್ಕೋರು ಕೇಳಿದರು, ಕಂಬಿ ಹಿಡಿದು ಹತ್ತಿದರು, ಬಾಗಿಲು ಮುಚ್ಚಿತು. ಕಿಟಕಿಯಲ್ಲಿ ಅವರ ಮುಖ ಈಚೆ ತಿರುಗಿದ ಕ್ಷಣಕ್ಕೆ ಸರಿಯಾಗಿ ಕಟ್ ಎಂದೆ. ಕ್ಯಾಮೆರಾ ನಿಂತಿತು. ಟ್ರಾಮ್ ನಿಲ್ಲಲಿಲ್ಲ. ಬೆಳಗಿನಿಂದ ಅವರು ಒಮ್ಮೆಯೂ ಹತ್ತದ ಕಾರಣ, ಅವರ ಜೊತೆ ಒಬ್ಬರನ್ನು ಹತ್ತಿಸಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ.

“ನಾಳೆ ಏಳಕ್ಕೆ ಸರಿಯಾಗಿ ಬನ್ನಿ,” ಎಂದು ನಿರ್ಮಾಪಕಿ ಹಿಂದಿನಿಂದ ಕೂಗಿದಳು. ಕೈಯೆತ್ತಿ ಒಪ್ಪಿದೆ, ತಿರುಗಿ ನೋಡಲಿಲ್ಲ. ಆಗಲೇ ಹಳಿಯ ಪಕ್ಕದಲ್ಲಿ ಮುಂದಿನ ನಿಲ್ದಾಣದ ಕಡೆಗೆ ಓಡುತ್ತಿದ್ದೆ.