ಬಾಲಂಗೋಚಿ ಗ್ಯಾಲಕ್ಸಿ

ಬಾಡ ಊರಿನ ಹೊನ್ನಿಯ ಮಗಳು ರೋಹಿಣಿ ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಈಗ ಹಳದೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ಹೊನ್ನಾವರದ ಖಗೋಳ ಸಂಘದ ಭಾಷಣಗಳನ್ನೆಲ್ಲ ಬರೆಯುತ್ತಿದ್ದವಳು ಅವಳೇ. ಓದಿ ಶಾಲು ಹೊದೆಸಿಕೊಳ್ಳುತ್ತಿದ್ದವರು ಅಧ್ಯಕ್ಷ ಕೃಷ್ಣಾನಂದರು. ಟೆಲಿಸ್ಕೋಪಿನ ಮುಚ್ಚಳ ತೆಗೆಯದೆಯೇ ಶನಿಯ ಬಳೆ ನೋಡಿ "ಆಹಾ!" ಎಂದ ಮಹಾನುಭಾವರು.

"ಅವ್ರ ಬಾಯಿಗೆ ನೀ ಎಷ್ಟ್ ದಿನ ಅನ್ನ ಕಲಸಿ ಇಡೂದೇ?" ಎಂದು ಹೊನ್ನಿ ಚುಚ್ಚಿದ ಮೇಲೆ, ಈ ಸಲ ತಾನೇ ಮಾತಾಡುವುದೆಂದು ರೋಹಿಣಿ ಹಟ ಹಿಡಿದಳು. ವಿಷಯ: 'ಗ್ಯಾಲಕ್ಸಿ ಮತ್ತು ಅದರ ಸಂಗಾತಿಗಳು'. ಕೃಷ್ಣಾನಂದರು ಒಪ್ಪಿದರು. ಒಪ್ಪಿ, ಪೋಸ್ಟರಿನಲ್ಲಿ ತಮ್ಮ ಹೆಸರನ್ನೇ ಹಾಕಿಸಿದರು. ಸಾಲದ್ದಕ್ಕೆ 'ಸಂಗಾತಿ' ಹೊಡೆದುಹಾಕಿ 'ಬಾಲಂಗೋಚಿ' ಮಾಡಿದರು.

"ಸಣ್ಣದು ದೊಡ್ಡದರ ಸುತ್ತ ಸುತ್ತೂದಲ್ವನೇ? ಅದ್ಕೆ ಸಂಗಾತಿ ಅಂತ ಎಂತಕ್ಕೆ ಮರ್ಯಾದೆ?"

"ಸರ್, ನೀವು ಗಾಳಿಪಟ ಹಾರಿಸ್ಲೇ ಇಲ್ವಾ? ಬಾಲಂಗೋಚಿ ಇಲ್ದಿದ್ರೆ ಪಟ ಗಿರಕಿ ಹೊಡ್ದು ಬೀಳ್ತದೆ."

"ಎದುರು ಮಾತಾಡೂಕೆ ಚಲೋ ಕಲ್ತಿದ್ದೆ ಮಾರಾಯ್ತಿ," ಎಂದು ಅವರು ನಕ್ಕರು.

ಭಾನುವಾರ ಭಾಷಣದ ಹೊತ್ತಿಗೆ, ತೆರೆಯ ಮೇಲಿನ ಚಿತ್ರ ಬದಲಿಸುವುದಕ್ಕೆ ರೋಹಿಣಿಯನ್ನು ವೇದಿಕೆಯ ಕೆಳಗೆ ಲ್ಯಾಪ್‌ಟಾಪಿನ ಮುಂದೆ ಕೂರಿಸಿದರು. ಕೃಷ್ಣಾನಂದರು ನಮ್ಮ ಆಕಾಶಗಂಗೆಯನ್ನು, ಅದು ತಮ್ಮ ಪಿತ್ರಾರ್ಜಿತವೋ ಎಂಬಂತೆ ಹೊಗಳಿದರು. ಆಮೇಲೆ, ತಟ್ಟೆಯಂಥ ಆಕಾಶಗಂಗೆಯ ಅಂಚು ಬಾಗಿರುವ ಚಿತ್ರ ಬಂತು. ಅವರು ರೋಹಿಣಿ ಬರೆದುಕೊಟ್ಟ ಹಾಳೆ ತಿರುವಿದರು, ಸಾಲು ಸಿಗದೆ ಕನ್ನಡಕ ಒರೆಸಿದರು.

"ಇದು... ಗಾಂಭೀರ್ಯದಿಂದ ಬಾಗಿದ್ದು."

ಯಾರೋ ಕಿಸಕ್ಕೆಂದರು. ತಾನು ಬರೆದ ಮಾತಿಗೆ ಈ ಗತಿಯೇ? ರೋಹಿಣಿ ಎದ್ದು ವೇದಿಕೆ ಹತ್ತಿದಳು.

"ಗಾಂಭೀರ್ಯ ಅಲ್ಲ. ಬಾಗಿಸಿದ್ದು ಪಕ್ಕದ ಸಣ್ಣ ಗ್ಯಾಲಕ್ಸಿ," ಎಂದಳು. ದೊಡ್ಡ ಮೆಗಲನ್ ಮೋಡವೆಂಬ ಆ ಪುಟ್ಟದು ಹತ್ತಿರ ಬಂದು ಆಕಾಶಗಂಗೆಯನ್ನು ಜಗ್ಗುತ್ತಿದೆ ಎಂಬುದು ವಿಜ್ಞಾನಿಗಳ ಲೆಕ್ಕ. ಆಕಾಶಗಂಗೆಯೂ ಸುಮ್ಮನಿಲ್ಲ, ಆ ಪುಟ್ಟದರ ಅನಿಲವನ್ನು ಕಿತ್ತುಕೊಳ್ಳುತ್ತಿದೆ. ಈ ಎಳೆದಾಟದಲ್ಲಿ ಅನಿಲ ಒತ್ತಿಕೊಂಡಲ್ಲಿ ಹೊಸ ನಕ್ಷತ್ರಗಳೂ ಹುಟ್ಟುತ್ತವೆ. ಮೈಕಿಲ್ಲದೆಯೇ ಎಲ್ಲ ಹೇಳಿದಳು. ಮೈಕು ಕೃಷ್ಣಾನಂದರ ಮುಷ್ಟಿಯಲ್ಲೇ ಇತ್ತು.

ಹಿಂದಿನ ಸಾಲಿನ ಮುದುಕಿಯೊಬ್ಬಳು ಕೈಯೆತ್ತಿದಳು. "ಟೀಚರೇ, ಕಡೀಗೆ ದೊಡ್ಡದು ಸಣ್ಣದನ್ನ ನುಂಗ್ತದ್ಯಾ?"

ಕೃಷ್ಣಾನಂದರು ಗಂಟಲು ಸರಿಮಾಡಿಕೊಂಡರು.

"ಕುತ್ಕಣಿ ಸರ್, ಕೇಳಿದ್ದು ನನ್ನ ಹತ್ರ," ಎಂದಳು ರೋಹಿಣಿ. "ನುಂಗ್ತದೆ ಅಮ್ಮ. ಆದ್ರೆ ನುಂಗಿದ ಮೇಲೆ ದೊಡ್ಡದೂ ಮೊದಲಿನ ಹಾಂಗೆ ಇರೂದಿಲ್ಲ."

ಕೃಷ್ಣಾನಂದರು ವೇದಿಕೆ ಇಳಿದು ಹತ್ತಿರ ಕಂಡ ಖಾಲಿ ಕುರ್ಚಿಯಲ್ಲಿ ಕುಸಿದರು. ಅದು ಲ್ಯಾಪ್‌ಟಾಪಿನ ಮುಂದಿನ ಕುರ್ಚಿ.

"ಆತು ಸರ್," ಎಂದಳು ರೋಹಿಣಿ, "ಮುಂದಿನ ಚಿತ್ರ ಹಾಕಿ."