ಗಾಳಿಯಲ್ಲಿ ಏನೂ ಇರಲಿಲ್ಲವೆಂದೆ

ಒಬ್ಬ ಗಾಯಕಿಗೆ ನಾನು ಸುಳ್ಳು ಹೇಳಿದೆ. ಅದನ್ನು ನಂಬಿ ಆಕೆ ಹಾಡುವುದನ್ನೇ ಬಿಟ್ಟಳು. ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ—ಆಕೆ ಓದಲಾರದ ಭಾಷೆಯಲ್ಲಿ. ನನ್ನ ಹೇಡಿತನ ಇಂದಿಗೂ ಇಷ್ಟು ಜಾಣತನ ಉಳಿಸಿಕೊಂಡಿದೆ.

ಆಕೆಯ ಹೆಸರು ಎಲ್ಸ್‌ಬೆತ್. ಜರ್ಮನಿಯ ಆಪೆರಾ ಗಾಯಕಿ; ಹೆಣ್ಣುದನಿಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು, ಸೊಪ್ರಾನೊ ಎನ್ನುತ್ತಾರಲ್ಲ, ಆ ಕಂಠ. ಸಣ್ಣ ಊರುಗಳ ರಂಗಮಂದಿರಗಳಲ್ಲಿ ದಾಸಿಯ ಪಾತ್ರ ಹಾಡುತ್ತ ಹಾಡುತ್ತ ನಾಯಕಿಯಾದವಳು, ಆಮೇಲೆ ವೇಷ ಕಳಚಿ ಸಂಗೀತ ಕಛೇರಿಗಳಿಗೆ ನಿಂತವಳು. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಬಹಳ ಕಾಲ ಮೌನವಾಗಿದ್ದಳು. ಆಕೆಯ ತಮ್ಮ ಬ್ಯಾಡಗಿ ಮೆಣಸಿನಕಾಯಿಯಿಂದ ತೆಗೆದ ಬಣ್ಣ ಕೊಳ್ಳುವ ವ್ಯಾಪಾರಿ. ಅವನ ಜೊತೆ ಬ್ಯಾಡಗಿಗೆ ಬಂದು, ಅವನಿಗೆ ಮಾಲು ಒದಗಿಸುವ ದಲಾಲರ ಮನೆಯ ಶಾಂತಕ್ಕನವರ ಅತಿಥಿಯಾದಳು. ರಾಣೆಬೆನ್ನೂರಿನಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು ದುಭಾಷಿಯಾಗಿ ಕರೆಸಿದರು. ವಿಶ್ವವಿದ್ಯಾಲಯದಲ್ಲಿ ಜರ್ಮನ್ ಕಲಿತವನು ಈ ಸೀಮೆಗೆಲ್ಲ ನಾನೊಬ್ಬನೇ—ಹಾಗೆಂದು ನಾನೇ ಸಾರಿಕೊಂಡು ತಿರುಗುತ್ತಿದ್ದೆ.

ಹಾವೇರಿಯಿಂದ ಕಾರಿನಲ್ಲಿ ಬರುವಾಗ ಆಕೆ ಎಲ್ಲವನ್ನೂ ಹೇಳಿದ್ದಳು. ಚಿಕಿತ್ಸೆಯ ನಂತರ ಜನರ ಮುಂದೆ ಹಾಡುವುದು ಇದೇ ಮೊದಲು. ತನ್ನನ್ನು ಯಾರೂ ಅರಿಯದ ಕಡೆ ಕಂಠವನ್ನು ಪರೀಕ್ಷಿಸಬೇಕು. ಅದು ಗಟ್ಟಿಯಾಗಿ ನಿಂತರೆ ತನ್ನ ನಾಡಿನಲ್ಲಿ ಕಾದಿರುವ ಕಛೇರಿಗಳನ್ನು ಒಪ್ಪಿಕೊಳ್ಳುವುದು. ಒಡೆದರೆ ಮತ್ತೆ ವೇದಿಕೆ ಹತ್ತುವುದಿಲ್ಲ. ಘಾಟಿಗೆ ಹೆದರಿ, ಮೆಣಸಿನಕಾಯಿ ಪೇಟೆ ಬರಿದಾಗಿರುವ ಶ್ರಾವಣವನ್ನೇ ಆರಿಸಿಕೊಂಡಿದ್ದಳು. ನಾನೋ, ಆಕೆಗೆ ಉಪನ್ಯಾಸ ಕೊಟ್ಟೆ—ನಮ್ಮಲ್ಲೀಗ ಮೂಢನಂಬಿಕೆ ಉಳಿದಿಲ್ಲ, ನಾವು ವಿಚಾರವಂತರು ಎಂದು. 'ನಾವು' ಎಂದಾಗ ನನ್ನ ಮನಸ್ಸಿನಲ್ಲಿದ್ದವನು ನಾನೊಬ್ಬನೇ.

ಶಾಂತಕ್ಕನವರ ಪಡಸಾಲೆ ತುಂಬಿತ್ತು. ಹಾವೇರಿಯ ಏಲಕ್ಕಿ ಹಾರ ಹಾಕಿಸಿಕೊಂಡು ಆಕೆ ಒಳಕೋಣೆಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಳು. ಶಾಂತಕ್ಕ ಸದ್ದಿಲ್ಲದೆ ಬೆನ್ನ ಹಿಂದೆ ಹೋಗಿ, ಹಿಡಿ ಮೆಣಸಿನಕಾಯಿ, ಉಪ್ಪು ನೀವಾಳಿಸಿ, ಹಿತ್ತಲಿಗೆ ತಂದು ಕೆಂಡದ ಶೇಗಡಿಗೆ ಸುರಿದರು. ಶೇಗಡಿ ಇದ್ದದ್ದು ಪಡಸಾಲೆಯ ಕಿಟಕಿಯ ಕೆಳಗೆ.

"ಊರ ಮಂದಿ ಕಣ್ಣೆಲ್ಲಾ ಈಕಿ ಮ್ಯಾಲ ಬಿದ್ದಾವ್ರಿ ಸರ. ಒಂಚೂರರ ಘಾಟು ಬಂತೇನು ನೋಡ್ರಿ! ಎಷ್ಟ ದೃಷ್ಟಿ ಆಗಿತ್ತೋ ಏನೋ ಪಾಪ."

ಘಾಟು ಬರದಿದ್ದರೆ ದೃಷ್ಟಿ ಜೋರಾಗಿತ್ತೆಂದು ಇವರ ಲೆಕ್ಕ. ಹುಟ್ಟಿದಂದಿನಿಂದ ಮೆಣಸಿನಕಾಯಿ ರಾಶಿಯ ನಡುವೆ ಉಸಿರಾಡಿದವರ ಮೂಗಿಗೆ ಹಿಡಿ ಕಾಯಿಯ ಘಾಟು ಎಲ್ಲಿ ತಿಳಿಯಬೇಕು! ಎಂಥ ಪೆದ್ದ ಜನ ಎಂದು ಹಲ್ಲು ಕಚ್ಚಿದೆ. ಕಿಟಕಿ ಮುಚ್ಚಲಿಲ್ಲ.

ಆಕೆ ಹಾಡತೊಡಗಿದಳು. ಮೈಕು ಬೇಡವೆಂದಿದ್ದಳು.

"ಏ, ಆಕಿಗೊಂದು ಮೈಕ್ ಕೊಡ್ರೋ," ಎಂದ ಹಿಂದೊಬ್ಬ.

"ಮೈಕ್ ಯಾಕಲೇ? ಕಾಗಿನೆಲಿ ಮಂದಿಗೂ ಕೇಳಾಕತ್ತೈತಿ!"

ನಕ್ಕರು. ಉಪ್ಪಿಟ್ಟಿಗಾಗಿ ಬಂದ ಹಿಂಡು ಎಂದುಕೊಂಡೆ. ಆದರೆ ಸ್ವರ ಮೇಲೇರಿದಂತೆ ಆ ಹಿಂಡೇ ಸುಮ್ಮನಾಯಿತು. ಮೈಕಿನ ಮಾತಾಡಿದವನೂ ಬಾಯಿ ತೆರೆದು ಕುಳಿತ. ನಾನು ಮಾತ್ರ ತೂಗುತ್ತಿದ್ದೆ—ಎರಡನೇ ದರ್ಜೆಯ ಗಾಯಕಿ, ಅದಕ್ಕೇ ಬ್ಯಾಡಗಿಗೆ ಬಂದಿದ್ದಾಳೆ ಎಂದು. ಇಂಥ ಹಾಡನ್ನು ಎದುರಿಗೆ ಕುಳಿತು ನಾನು ಕೇಳಿದ್ದು ಅದೇ ಮೊದಲು.

ತುತ್ತತುದಿಯ ಸ್ವರದಲ್ಲಿ ಕಂಠ ಒಡೆಯಿತು. ನೀರು ಕುಡಿದು ಮತ್ತೆ ಎತ್ತಿದಳು. ಮತ್ತೆ ಒಡೆಯಿತು. ಸುತ್ತ ನೋಡಿದಳು—ಒಬ್ಬರೂ ಕೆಮ್ಮುತ್ತಿರಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಜರ್ಮನ್ನಿನಲ್ಲಿ ಕೇಳಿದಳು:

"ಗಾಳಿಯಲ್ಲಿ ಏನಾದರೂ ಇದೆಯೇ?"

"ಏನೂ ಇಲ್ಲ," ಎಂದೆ.

"ಹಾಗಾದರೆ ಕಂಠವೇ."

ಕೈಮುಗಿದು ಎದ್ದಳು. ರಾಣೆಬೆನ್ನೂರಿನಲ್ಲಿ ಗೊತ್ತುಮಾಡಿದ್ದ ಇನ್ನೊಂದು ಕಛೇರಿ ಬೇಡವೆಂದಳು. ಊರಿಗೆ ಹೋದ ಮೇಲೆ ಕಾದಿದ್ದ ಕಛೇರಿಗಳನ್ನೂ ನಿರಾಕರಿಸಿದಳು.

ಯಾಕೆ ಹೇಳಿದೆ? ನಿಜ ಹೇಳಿದರೆ ಶೇಗಡಿಯ ಮಾತು ಹೇಳಬೇಕಿತ್ತು. ಹೇಳಿದರೆ ನಾನೂ ಇವರಲ್ಲೊಬ್ಬನಾಗುತ್ತಿದ್ದೆ. ಒಬ್ಬ ಹೆಂಗಸಿನ ಇಡೀ ವೃತ್ತಿಜೀವನಕ್ಕಿಂತ ಆಕೆಯ ಕಣ್ಣಲ್ಲಿ ನನ್ನ ಮರ್ಯಾದೆ ನನಗೆ ದೊಡ್ಡದಾಯಿತು. ಶಾಂತಕ್ಕ ಮಾಡಿದ್ದು ಪ್ರೀತಿಯ ತಪ್ಪು. ನನ್ನದು—

ಎಷ್ಟೋ ವರ್ಷ ನೆನಪಿನ ಮೇಲೆ ಸಂದೇಹ ಹೊರಿಸಿ ಬದುಕಿದೆ. ಕೆಂಡಕ್ಕೆ ಸುರಿದದ್ದು ಹಾಡಿನ ಮೊದಲೋ, ಆಮೇಲೋ? ಘಾಟು ನನಗೆ ನಿಜಕ್ಕೂ ತಗುಲಿತ್ತೋ, ಆಮೇಲೆ ನಾನೇ ಕಟ್ಟಿಕೊಂಡೆನೋ? ನೆನಪನ್ನು ನಂಬಬೇಡಿ ಎಂದು ತರಗತಿಯಲ್ಲಿ ಹೇಳುವವನು ನಾನು. ಸಂಶಯ ಎಂಥ ಮೆತ್ತನೆಯ ಹಾಸಿಗೆ!

ಮೊನ್ನೆ ಬ್ಯಾಡಗಿಗೆ ಹೋಗಿ ಶಾಂತಕ್ಕನವರನ್ನೇ ಕೇಳಿದೆ. ಅವರು ನಕ್ಕರು.

"ಹಾಡೂಕಿಂತ ಮೊದಲಽ ಅಲ್ಲೇನ್ರಿ ಸರ ದೃಷ್ಟಿ ತಗದಿದ್ದು? ನೀವಽ ಕೆಮ್ಮಿ ಕೆಮ್ಮಿ ಬಾಯಿಗೆ ವಸ್ತ್ರ ಹಿಡಕೊಂಡಿದ್ರಿ. 'ಕಲ್ತವರ ಗಂಟಲ ಭಾಳ ನಾಜೂಕ ಬಿಡ್ರಿ' ಅಂತ ನಾ ಚಾಷ್ಟಿ ಮಾಡಿದ್ದೆ. ಮರತ್ರೇನು?"

ಮರೆತಿರಲಿಲ್ಲ. ಮರೆತಂತೆ ಇಟ್ಟುಕೊಂಡಿದ್ದೆ.

"ಅಷ್ಟ ಮಾಡಿದ್ರೂ ಆಕಿ ಕಂಠ ಉಳೀಲಿಲ್ಲ ನೋಡ್ರಿ," ಎಂದು ನಿಟ್ಟುಸಿರಿಟ್ಟರು. ಈಗಲೂ ಭಾನುವಾರಕ್ಕೊಮ್ಮೆ ಅವರೂ ಆಕೆಯೂ ಫೋನಿನಲ್ಲಿ ಮುಖ ನೋಡಿಕೊಳ್ಳುತ್ತಾರಂತೆ—ಒಬ್ಬರ ಭಾಷೆ ಒಬ್ಬರಿಗೆ ಬಾರದು, ಸೀರೆ ತೋರಿಸುತ್ತಾರೆ, ಹೂಕುಂಡ ತೋರಿಸುತ್ತಾರೆ, ನಗುತ್ತಾರೆ. ದುಭಾಷಿ ಅವರಿಗೆ ಬೇಕೇ ಆಗಲಿಲ್ಲ. ಆಕೆ ಮನೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಾಳಂತೆ. ತಾನು ಹಾಡುವುದಿಲ್ಲವಂತೆ.

ಆಕೆಗೀಗ ಎಪ್ಪತ್ತು ದಾಟಿದೆ. ಕಂಠ ಅಂದು ಸರಿಯಾಗಿಯೇ ಇತ್ತು ಎಂದು ಇಂದು ತಿಳಿಸುವುದು ಇನ್ನೊಂದು ಕ್ರೌರ್ಯವೋ ಏನೋ. ಆ ಪ್ರಶ್ನೆಯ ಹಿಂದೆಯೂ ಅಡಗಿ ಕೂರಬಲ್ಲೆ. ನನ್ನನ್ನು ನಾನು ಬಲ್ಲೆ. ಅದಕ್ಕೇ ಬರುವ ಭಾನುವಾರ ಮನೆಗೆ ಬರುತ್ತೇನೆಂದು ಶಾಂತಕ್ಕನವರಿಗೆ ಮಾತು ಕೊಟ್ಟು ಬಂದಿದ್ದೇನೆ. ಅವರ ಎದುರಿಗೇ ಫೋನು ಇಸಿದುಕೊಂಡು, ಅಂದು ಗಾಳಿಯ ಬಗ್ಗೆ ಆಕೆ ಕೇಳಿದ್ದ ಪ್ರಶ್ನೆಗೆ ಉತ್ತರ ಹೇಳುತ್ತೇನೆ—ಮೊದಲು ಜರ್ಮನ್ನಿನಲ್ಲಿ ಆಕೆಗೆ, ಆಮೇಲೆ ಕನ್ನಡದಲ್ಲಿ ಇವರಿಗೆ:

ಇತ್ತು. ನನಗೆ ಗೊತ್ತಿತ್ತು.