ಅಕ್ಕನ ಸೇವ್ ಫೈಲಿನಲ್ಲಿ ಮಲಗಿದ್ದವರು

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಹೊಸನಗರದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಜಾತಕದ ಪ್ರತಿ ತೆಗೆಸಲು ಬಂದವರು, ಯಾರೋ ಕನಸಿನಲ್ಲಿ ಬಂದದ್ದು, ಯಾರೋ ಕರೆದಂತಾಗಿ ತಿರುಗಿ ನೋಡಿದ್ದು ಎಲ್ಲವನ್ನೂ ಪ್ರತಿ ಹೊರಬರುವಷ್ಟರಲ್ಲಿ ಹೇಳಿ ಮುಗಿಸುತ್ತಾರೆ. ನಾನು ಹೂಂಗುಟ್ಟುತ್ತೇನೆ, ಅವರು ಹೋದ ಮೇಲೆ ನಗುತ್ತೇನೆ. ಎದುರಿಗೇ ನಕ್ಕು ಗಿರಾಕಿ ಕಳೆದುಕೊಂಡದ್ದೂ ಉಂಟು. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನಾನು ಬೇಸರ ಮಾಡಿಕೊಳ್ಳುವ ಹಾಗಿಲ್ಲ.

ವಿಷಯ ನನ್ನ ಅಕ್ಕನದು. ಅಕ್ಕ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಹೆಚ್ಚಿನ ವರ್ಷ ಮೇಗರವಳ್ಳಿ ಕಡೆ, ನರ್ಸ್ ಆಗಿದ್ದವಳು. ಅವಳು ಮದುವೆಯಾಗಲಿಲ್ಲ, ನಾನು ಆಗಿಯೂ ಬಾಳಲಿಲ್ಲ. ಕಿಡ್ನಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟು ನನ್ನ ಜೊತೆ ಇರಲು ಬಂದಳು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಜಾಗ ಸಿಕ್ಕಿದ್ದು ಸಾಗರದಲ್ಲಿ. ಬೆಳಿಗ್ಗೆ ಬಸ್ಸು ಹಿಡಿಯುವುದು, ನಾಲ್ಕು ಗಂಟೆ ಅವಳು ಒಳಗೆ ಮಂಚದ ಮೇಲೆ, ನಾನು ಹೊರಗೆ ಬೆಂಚಿನ ಮೇಲೆ, ಸಂಜೆ ವಾಪಸ್ಸು. ಆ ಮೂರು ದಿನ ಅಂಗಡಿಗೆ ಬಾಗಿಲು. ಬಟ್ಟೆಮಲ್ಲಪ್ಪ ದಾಟುವಷ್ಟರಲ್ಲಿ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ನಿದ್ದೆ ಹೋಗಿರುತ್ತಿದ್ದೆವು. ಕಾಯಿಲೆಯವಳು ಯಾರು, ಕರೆದುಕೊಂಡು ಹೋದವಳು ಯಾರು ಅಂತ ಕಂಡಕ್ಟರಿಗೆ ಗೊತ್ತಾಗುತ್ತಿರಲಿಲ್ಲ.

ಆರು ತಿಂಗಳಿಗೆ ಅಕ್ಕನಿಗೆ ಸಾಕೆನಿಸಿತು. ಒಂದು ಬೆಳಿಗ್ಗೆ ಹೊರಡುವ ಹೊತ್ತಾದರೂ ಸೀರೆಯನ್ನೇ ಉಡಲಿಲ್ಲ.

"ನಾ ಬರಲ್ಲ ಮಾರಾಯ್ತಿ. ಎಷ್ಟು ಜನ ಹೋಗಿದ್ದನ್ನ ನೋಡಿಲ್ಲ ನಾನು. ನಂಗೆಂತ ಹೆದ್ರಿಕೆ ಇಲ್ಲ" ಎಂದಳು.

ಆ ವಾರ ಒಂದು ಸಲ ತಪ್ಪಿತು, ಮರುವಾರ ಇನ್ನೊಂದು ಸಲ. ಕಾಲು ಬಾತುಕೊಂಡಿತು, ರಾತ್ರಿ ಮಲಗಿದರೆ ಉಸಿರು ಕಟ್ಟಿತು. ನಾನು ಬೈದು ನೋಡಿದೆ, ಅತ್ತು ನೋಡಿದೆ. ಕಲ್ಲಿನ ಮೇಲೆ ಮಳೆ ಸುರಿದ ಹಾಗೆ. ಕೊನೆಗೆ ಅವಳನ್ನು ಹಿಡಿದು ನಿಲ್ಲಿಸಿದ್ದು ಒಂದು ಕಂಪ್ಯೂಟರ್ ಆಟ.

ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಆಡುತ್ತಿದ್ದ ಆಟ ಅದು. ಕತ್ತಿ ಕುದುರೆಗಳ ಕಾಲದ ಒಂದು ದೇಶ. ಅಲ್ಲಿ ನಾವೊಬ್ಬರು ಪಾತ್ರವಾಗಿ ಊರೂರು ಸುತ್ತಬೇಕು, ಹೊಡೆದಾಡಬೇಕು, ಬೇಕಿದ್ದರೆ ಮನೆ ಕಟ್ಟಿಕೊಳ್ಳಬಹುದು. ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಕ್ಕ ಒಂದು ದಿನ ಮೌಸ್ ಕಿತ್ತುಕೊಂಡಳು. ಅವಳ ಆಟವೇ ಬೇರೆ. ಹೊಡೆದಾಟ ಬೇಡ, ಸೊಪ್ಪು ಬೇರು ಕೀಳುವುದು, ಔಷಧಿ ಅರೆಯುವುದು. ದಾರಿಯಲ್ಲಿ ಯಾರದ್ದಾದರೂ ಹೆಣ ಕಂಡರೆ ಅದನ್ನು ಎಳೆದು ತಂದು ತನ್ನ ಮನೆಯ ಒಳಕೋಣೆಯಲ್ಲಿ ಸಾಲಾಗಿ ಮಲಗಿಸುವುದು. ಬಿಟ್ಟುಬಿಡೇ, ಅದು ಬರೀ ಚಿತ್ರ ಎಂದರೆ, "ದಾರೀಲಿ ಬಿಟ್ಟು ಬರೋದಾ? ನಿಂಗೆ ಎಂತ ಆಗಿದೆ?" ಎಂದು ನನ್ನನ್ನೇ ಗದರಿಸಿದಳು.

ಇಂಥ ಆಟಗಳು ನಾಲ್ಕಾರು ದಿನದಲ್ಲಿ ಹೆಣಗಳನ್ನು ತಾವೇ ಅಳಿಸಿಹಾಕುತ್ತವೆ, ಭಾರವಾಗಬಾರದೆಂದು. ಒಳಕೋಣೆ ಖಾಲಿಯಾಗಿದ್ದು ನೋಡಿ ಅಕ್ಕ ಊಟ ಬಿಟ್ಟಳು. ಹೊರಗಿನವರು ಆಟಕ್ಕೆ ಬರೆದು ಹಂಚುವ ಸೇರ್ಪಡೆಗಳಿರುತ್ತವೆ, ಮಾಡ್ ಎನ್ನುತ್ತಾರೆ. ಹೆಣ ಅಳಿಯದಂತೆ ತಡೆಯುವ ಮಾಡ್ ಒಂದನ್ನು ಹುಡುಕಿ ಹಾಕಿಕೊಟ್ಟೆ. ನಾನು ಎಡವಿದ್ದು ಅಲ್ಲೇ. ಆದರೆ ಅಕ್ಕ ಒಪ್ಪಂದಕ್ಕೆ ಬಂದಳು: ವಾರಕ್ಕೆ ಮೂರು ದಿನ ಸಾಗರ, ಸಂಜೆ ಆಟ. ಒಂದು ದಿನವೂ ತಪ್ಪಿಸಲಿಲ್ಲ.

ಆಟ ನಿಲ್ಲಿಸುವಾಗ ಆ ದೇಶದ ಸ್ಥಿತಿಯೆಲ್ಲ ಒಂದು ಫೈಲಿನಲ್ಲಿ ಉಳಿಯುತ್ತದೆ. ಅದೇ ಸೇವ್ ಫೈಲ್. ಯಾರು ಎಲ್ಲಿ ಮಲಗಿದ್ದಾರೆ, ಯಾವ ಬಟ್ಟಲು ಎಲ್ಲಿದೆ, ಎಲ್ಲ. ಅಕ್ಕನ ಫೈಲು ದಿನದಿನಕ್ಕೆ ಊದಿಕೊಂಡಿತು. ತೆರೆಯಲು ಕುಕ್ಕರ್ ನಾಲ್ಕು ಸೀಟಿ ಹಾಕುವಷ್ಟು ಹೊತ್ತು ಬೇಕಾಗತೊಡಗಿತು. ಆಮೇಲೆ ಆಟ ನಡುವೆಯೇ ನಿಂತುಬಿಡುವುದು ಶುರುವಾಯಿತು. ಹಳೆಯ ಸೇವ್‌ಗಳನ್ನು ಬೇರೆ ಕಡೆ ಇಟ್ಟೆ. ಬೇಡದ ಮಾಡ್‌ಗಳನ್ನು ತೆಗೆದೆ. ಅವುಗಳ ಚೂರುಪಾರು ಫೈಲಿನಲ್ಲೇ ಉಳಿದು ಇನ್ನಷ್ಟು ಕೆಟ್ಟಿತು. ಹಗುರ ಮಾಡದಿದ್ದರೆ ಇದು ಒಂದು ದಿನ ತೆರೆಯುವುದೇ ಇಲ್ಲ ಎಂದು ಬಲ್ಲವರು ಇಂಟರ್‌ನೆಟ್ಟಿನಲ್ಲಿ ಬರೆದಿದ್ದರು.

ಅಕ್ಕನಿಗೆ ಹೇಳಿದೆ. "ಅದು ಹೋದ್ರೆ ನಾನೂ ಸಾಗರಕ್ಕೆ ಬರಲ್ಲ. ಈಗ್ಲೇ ಹೇಳಿರ್ತೀನಿ" ಎಂದಳು. ತಮಾಷೆಗೆ ಹೇಳುವವಳಲ್ಲ ಅವಳು. ಅವಳಿಗೆ ತಿಳಿಯದಂತೆ ಒಳಕೋಣೆಯನ್ನು ಖಾಲಿ ಮಾಡುವುದೆಂದು ತೀರ್ಮಾನಿಸಿದೆ. ಕೇಳಿದರೆ ಏನಾದರೊಂದು ಸುಳ್ಳು ಹೇಳಿದರಾಯಿತು ಎಂದುಕೊಂಡೆ.

ಇದು ನಡೆದು ಎರಡು ವರ್ಷವಾಯಿತು. ಸಾಗರದಲ್ಲಿ ಅಕ್ಕನನ್ನು ಒಳಗೆ ಬಿಟ್ಟು ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಮಟಮಟ ಮಧ್ಯಾಹ್ನ, ಸುತ್ತ ಜನ, ಪಕ್ಕದವರು ಚಿತ್ರಾನ್ನ ತಿನ್ನುತ್ತಿದ್ದರು. ಹೆದರುವಂಥದ್ದು ಏನೂ ಇರಲಿಲ್ಲ. ಮೊದಲು ಸೇವ್ ಫೈಲಿನ ಒಂದು ಪ್ರತಿ ತೆಗೆದಿಟ್ಟೆ. ಆಮೇಲೆ ಆಟದೊಳಗೆ ಅವಳ ಮನೆಗೆ ಹೋದೆ. ನಲವತ್ತೊಂದು ಜನ ಮಲಗಿದ್ದರು. ಎಷ್ಟು ಕೆಲಸವಿದೆ ನೋಡೋಣ ಎಂದು ಶುರುವಿನಲ್ಲಿ ಎಣಿಸಿದ್ದೆ. ಪ್ರತಿಯೊಬ್ಬರ ತಲೆಯ ಹತ್ತಿರ ಅಕ್ಕ ಒಂದೊಂದು ಬಟ್ಟಲು ಇಟ್ಟಿದ್ದಳು. ಹೆಣದ ಮೇಲೆ ಕ್ಲಿಕ್ ಮಾಡಿ ಒಂದು ಆಜ್ಞೆ ಟೈಪ್ ಮಾಡಿದರೆ ಅದು ಮಾಯವಾಗುತ್ತದೆ. ಸೊಪ್ಪು ಸೋಸುವ ಹಾಗೆ ಒಂದೊಂದೇ ತೆಗೆಯುತ್ತಾ ಹೋದೆ. ಎಷ್ಟು ತೆಗೆದೆನೆಂದು ಲೆಕ್ಕ ಇಡಲಿಲ್ಲ.

ಆಗ ಒಳಗೆ ಯಂತ್ರ ಕೂಗಿಕೊಂಡಿತು. ಬಾಗಿಲು ತೆರೆದು ಟೆಕ್ನಿಷಿಯನ್ ಹುಡುಗಿ, "ಅಮ್ಮಾ, ನಿಮ್ಮಕ್ಕಂಗೆ ಬಿಪಿ ಇಳಿದಿದೆ, ಎಲ್ಲೂ ಹೋಗ್ಬೇಡಿ" ಎಂದಳು. ಲ್ಯಾಪ್‌ಟಾಪನ್ನು ಹಾಗೇ ಮುಚ್ಚಿದೆ. ಬಾಗಿಲ ಸಂದಿಯಿಂದ ಅಕ್ಕನ ಕಾಲುಗಳನ್ನು ಎತ್ತಿ ಹಿಡಿದದ್ದು ಕಂಡಿತು. ಮುಖ ಕಾಣಲಿಲ್ಲ. ಕಾಲು ಗಂಟೆ ನಾನು ಗೋಡೆ ಹಿಡಿದು ನಿಂತಿದ್ದೆ. ಅಷ್ಟು ಭಯ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ.

ಎಚ್ಚರವಾದ ಮೇಲೆ ಒಳಗೆ ಬಿಟ್ಟರು. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ಅವ್ರನ್ನ ಎಬ್ಬಿಸಿ ಕಳ್ಸಿದ್ದು ಯಾರೇ? ಬಂದು ನನ್ ಮಂಚದ ಸುತ್ತ ನಿಂತಿದ್ರು."

"ಯಾರು ಅಕ್ಕ?"

"ಹದಿನೇಳು ಜನ" ಎಂದು ಕಣ್ಣು ಮುಚ್ಚಿದಳು.

ಬಿಪಿ ಇಳಿಯುವುದು ಇಲ್ಲಿ ದಿನಾ ಇದ್ದದ್ದೇ, ಆಗ ಏನೇನೋ ಬಡಬಡಿಸುತ್ತಾರೆ ಎಂದಳು ಟೆಕ್ನಿಷಿಯನ್. ಹೌದೆಂದೆ. ಹೊರಗೆ ಬಂದು ಲ್ಯಾಪ್‌ಟಾಪ್ ತೆರೆದರೆ ಪರದೆ ನಾನು ಬಿಟ್ಟ ಹಾಗೇ ಇತ್ತು. ಉಳಿದವರನ್ನು ಬೆರಳಿಟ್ಟು ಎಣಿಸಿದೆ. ಇಪ್ಪತ್ತನಾಲ್ಕು. ಮತ್ತೆ ಎಣಿಸಿದೆ. ಇಪ್ಪತ್ತನಾಲ್ಕೇ. ನಲವತ್ತೊಂದರಲ್ಲಿ ಇಪ್ಪತ್ತನಾಲ್ಕು ಕಳೆದರೆ ಎಷ್ಟೆಂದು ನಿಮಗೂ ಗೊತ್ತು. ಸೇವ್ ಮಾಡದೆ ಆಟ ಮುಚ್ಚಿ, ಪುನಃ ತೆರೆದೆ. ಎಲ್ಲರೂ ಮತ್ತೆ ತಮ್ಮ ತಮ್ಮ ಜಾಗದಲ್ಲಿ ಮಲಗಿದ್ದರು. ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಪಕ್ಕದವರು ನನಗೆ ನೀರು ಕೊಟ್ಟರು.

ಮರುದಿನ ಕೇಳಿದರೆ ಅಕ್ಕನಿಗೆ ಏನೂ ನೆನಪಿರಲಿಲ್ಲ. "ನಾನಾ? ಹದಿನೇಳಾ? ಎಂತದ್ದೇ ಅದು?" ಎಂದು ನಕ್ಕಳು. ನಾನು ಬೇಕಾದಷ್ಟು ಯೋಚಿಸಿದ್ದೇನೆ. ಬಿಪಿ ಇಳಿದದ್ದು ಕಾಕತಾಳೀಯ ಇರಬಹುದು. ನಾನು ಫೈಲಿಗೆ ಕೈ ಹಾಕುತ್ತೇನೆಂಬ ಅನುಮಾನ ಅವಳಿಗೆ ಇದ್ದಿರಬಹುದು. ಮೊದಲ ಸಲ ನಾನೇ ತಪ್ಪು ಎಣಿಸಿರಬಹುದು. ಒಂದೊಂದನ್ನೂ ಒಪ್ಪಬಹುದು, ಮೂರನ್ನೂ ಒಟ್ಟಿಗೆ ಒಪ್ಪಲು ಹೋದರೆ ಮಾತ್ರ ಎಲ್ಲೋ ತಡೆಯುತ್ತದೆ. ಪರೀಕ್ಷಿಸಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಿಮ್ಮ ಅಕ್ಕನ ಮೇಲೆ ನೀವು ಪರೀಕ್ಷಿಸುತ್ತೀರಾ?

ಅಂದಿನಿಂದ ಫೈಲಿನಿಂದ ಒಂದನ್ನೂ ತೆಗೆದಿಲ್ಲ. ಮಲಗಿದವರು ಈಗ ನೂರು ದಾಟಿದ್ದಾರೆ. ಆಟ ತೆರೆಯಲು ಕೊಟ್ಟು ನಾವು ಊಟ ಮುಗಿಸಿ ಬರುತ್ತೇವೆ. ಒಮ್ಮೊಮ್ಮೆ ಆಗಲೂ ತೆರೆದಿರುವುದಿಲ್ಲ. ವಾರಕ್ಕೊಮ್ಮೆ ಪ್ರತಿ ತೆಗೆದು ಮೂರು ಪೆನ್‌ಡ್ರೈವಿನಲ್ಲಿ ಇಡುತ್ತೇನೆ. ಅದೂ ಒಂದು ಕೆಲಸವಾಗಿದೆ, ಮಾತ್ರೆ ಡಬ್ಬಿ ತುಂಬಿಸಿಡುವ ಹಾಗೆ. ತೆಗೆದರೆ ಒಂದು ಭಯ. ಹಾಗೇ ಬಿಟ್ಟು ಫೈಲು ಕೆಟ್ಟುಹೋದರೆ ಅವಳು ಮತ್ತೆ ಸೀರೆ ಉಡುವುದಿಲ್ಲವೆಂಬ ಇನ್ನೊಂದು ಭಯ.

ಮೊನ್ನೆ ಸಾಗರದಿಂದ ಬಂದ ಸಂಜೆ ಆಟ ಮೂರು ಸಲ ನಿಂತುಹೋಯಿತು. ಅಕ್ಕ ಬೇಸರಪಡಲಿಲ್ಲ. ಮೌಸನ್ನು ನನ್ನ ಕಡೆ ಸರಿಸಿದಳು.

"ಸಾಕು ಮಾರಾಯ್ತಿ. ನಿಂಗೂ ಸಾಕಾಗಿದೆ, ನಂಗೆ ಕಾಣಲ್ವಾ? ಅವ್ರನ್ನೆಲ್ಲ ಕಳ್ಸಿಬಿಡು ಅತ್ಲಾಗೆ" ಎಂದಳು.

ಆಟದ ಮಾತನ್ನೇ ಆಡಿದಳೆಂದುಕೊಂಡಿದ್ದೇನೆ. ನಾನು ಬೆಳಿಗ್ಗೆ ಐದಕ್ಕೆ ಎದ್ದವಳು, ಸೊಂಟ ಬಿದ್ದುಹೋಗುತ್ತಿತ್ತು. ಯಾರಿಗೂ ಹೇಳದ್ದನ್ನು ನಿಮಗೆ ಹೇಳುತ್ತೇನೆ: ಅವಳು ಹಾಗೆಂದಾಗ ಒಂದು ಗಳಿಗೆ ನನಗೆ ಹಾಯೆನಿಸಿತು. ಮರುಗಳಿಗೆಯೇ ಲ್ಯಾಪ್‌ಟಾಪ್ ಮುಚ್ಚಿದೆ.

"ನಾಳೆ ಮಾಡ್ತೀನಿ ಅಕ್ಕ" ಎಂದೆ.

ನಿನ್ನೆ ನೆನಪು ಮಾಡಿದಳು. ನಾಳೆ ಎಂದೆ.

ಇವತ್ತು ಮತ್ತೆ ಕೇಳಿದಳು. ನಾಳೆ ಎಂದೆ.

"ನಾಳೆ ಸಾಗರಕ್ಕೆ ಹೋಗ್ಬೇಕಲ್ಲೇ" ಎಂದು ಹೇಳಿ, ಉಡುವ ಸೀರೆಯನ್ನು ತೆಗೆದು ಕುರ್ಚಿಯ ಮೇಲಿಟ್ಟು ಮಲಗಿದಳು.